ಗಾಳಿಗೊಡ್ಡಿದ ಕಣಜ

ಚಿನ್ನ ಹುಡುಕಿಕೊಂಡು ಬಂದವರ ಹೊಟ್ಟೆ ತುಂಬಿಸಿದ್ದು ಜೋಳ! ದುಡ್ಡಿಲ್ಲ, ಗಾಲಿಯಿಲ್ಲ, ಕುದುರೆಯಿಲ್ಲ, ಅಕ್ಷರವಿಲ್ಲ. ಆದರೂ ನಾಲ್ಕು ಸಾವಿರ ಕಿಲೋಮೀಟರ್ ಉದ್ದದ ಸಾಮ್ರಾಜ್ಯವನ್ನು ಇಂಕಾಗಳು ಆಳಿದರು. ಅವರ ನಿಜವಾದ ಖಜಾನೆ ಪೆರುವಿನ ಬೆಟ್ಟಗಳ ಇಳಿಜಾರಿನಲ್ಲಿ ಇಂದಿಗೂ ಬಾಯ್ತೆರೆದು ನಿಂತಿದೆ.

ಒಯಾಂತಾಯ್ತಾಂಬೊ ಊರಿನಲ್ಲಿ ಬೆಳಗಾಗುವುದೇ ರೈಲಿನ ಗಡಿಬಿಡಿಯಿಂದ. ಮಾಚು ಪಿಚುವಿಗೆ ಹೋಗುವ ಗಾಡಿ ತಪ್ಪೀತೆಂದು, ಬೆನ್ನಿಗೆ ಚೀಲ ಏರಿಸಿಕೊಂಡವರು ಕಲ್ಲುಹಾಸಿನ ಬೀದಿಯಲ್ಲಿ ದಾಪುಗಾಲು ಹಾಕುತ್ತಾರೆ. ಬೀದಿಯ ಅಂಚಿನಲ್ಲಿ ಇಂಕಾ ಕಾಲದ ಕಾಲುವೆ, ಅದರಲ್ಲಿ ಬೆಟ್ಟದ ನೀರು. ಮೂಲೆಯಲ್ಲಿ ಕುಳಿತ ಹೆಂಗಸು ಬುಟ್ಟಿಯ ಬಟ್ಟೆ ಸರಿಸಿದರೆ ಹಬೆ ಏಳುತ್ತದೆ. ಬೇಯಿಸಿದ ಮೆಕ್ಕೆಜೋಳ. ಒಂದೊಂದು ಕಾಳೂ ಹೆಬ್ಬೆರಳಿನ ಉಗುರಿನಷ್ಟು. ಜೊತೆಗೊಂದು ತುಂಡು ಉಪ್ಪು ಚೀಸ್.

ತೆನೆ ಕಡಿಯುತ್ತಲೇ ಓಡುವ ಈ ಮಂದಿಯಲ್ಲಿ ಪೂರ್ವದ ಬೆಟ್ಟದ ಕಡೆ ಕತ್ತೆತ್ತುವವರು ಕಡಿಮೆ. ಎತ್ತಿದರೆ ಕಾಣುವುದು ವಿಚಿತ್ರ ದೃಶ್ಯ. ಗೋಡೆಯ ಹಾಗೆ ನೆಟ್ಟಗೆ ಎದ್ದ ಬಂಡೆ. ಅದರ ಮೈಗೆ ಅಂಟಿಕೊಂಡಂತೆ, ಒಂದರ ತಲೆಯ ಮೇಲೊಂದು, ಉದ್ದುದ್ದ ಕಟ್ಟಡಗಳು. ಸೂರು ಹಾರಿಹೋಗಿದೆ, ತ್ರಿಕೋನದ ಗೋಡೆಗಳು ಉಳಿದಿವೆ. ಮೊದಲ ಸಲ ನೋಡಿದವರು ಮಠವೋ ಸೆರೆಮನೆಯೋ ಎಂದುಕೊಳ್ಳುತ್ತಾರೆ. ಅಲ್ಲ, ಕಣಜ!

ಬೆಟ್ಟದ ಹೆಸರು ಪಿಂಕುಯ್ಯುನಾ. ಕಣಜಕ್ಕೆ ಅಲ್ಲಿಯ ಕೆಚುವಾ ಭಾಷೆಯಲ್ಲಿ ‘ಕೋಲ್ಕಾ’ ಎನ್ನುತ್ತಾರೆ. ಜೂನ್ ತಿಂಗಳು ಇವನ್ನು ನೋಡಲು ಹೇಳಿಮಾಡಿಸಿದ ಕಾಲ. ಅಲ್ಲಿಗದು ಒಣ ಚಳಿಗಾಲ. ಸುಗ್ಗಿ ಮುಗಿದಿರುತ್ತದೆ. ಜೂನ್ 24ರಂದು ಇಂಕಾಗಳ ರಾಜಧಾನಿಯಾಗಿದ್ದ ಕುಸ್ಕೊ ನಗರದಲ್ಲಿ ಸೂರ್ಯನ ಹಬ್ಬ ‘ಇಂತಿ ರಾಯ್ಮಿ’ ನಡೆಯುತ್ತದೆ. ಲೋಕದ ಪ್ರವಾಸಿಗರೆಲ್ಲ ಅತ್ತ ನುಗ್ಗಿದಾಗ ಕಣಜದ ಬೆಟ್ಟ ಹತ್ತಿದವರಿಗೆ ಜಾಗವೂ ಸಿಗುತ್ತದೆ, ಗಾಳಿಯೂ ಸಿಗುತ್ತದೆ.

ಗಾಳಿಯ ಮಾತು ಸುಮ್ಮನೆ ಆಡಿದ್ದಲ್ಲ. ಕಣಜದ ಗುಟ್ಟೇ ಅದು.

ಮೇಲಿಂದ ಸುರಿ, ಕೆಳಗಿಂದ ತೆಗೆ

ಊರಿನ ಓಣಿಯೊಂದರಿಂದ ಮೆಟ್ಟಿಲು ಶುರುವಾಗುತ್ತದೆ. ಮೆಟ್ಟಿಲೆಂದರೆ ಮರ್ಯಾದೆಯ ಮಾತು. ಬಂಡೆಗೆ ಸಿಕ್ಕಿಸಿದ ಒರಟು ಕಲ್ಲುಗಳು. ಕೆಲವು ಕಡೆ ಎರಡೂ ಕೈ ಊರಬೇಕು. ಊರೇ ಸಮುದ್ರಮಟ್ಟದಿಂದ ಸುಮಾರು 2,800 ಮೀಟರ್ ಎತ್ತರದಲ್ಲಿದೆ. ಹತ್ತು ಮೆಟ್ಟಿಲಿಗೊಮ್ಮೆ ಎದೆ ‘ನಿಲ್ಲು’ ಎನ್ನುತ್ತದೆ. ಹೊರೆ ಹೊತ್ತು ಇದನ್ನೇ ಹತ್ತಿದವರ ನೆನಪು ಬಂದು ಏದುಸಿರು ಬಿಡಲೂ ನಾಚಿಕೆಯಾಗುತ್ತದೆ.

ಕಟ್ಟಡದ ಹತ್ತಿರ ಹೋದರೆ ಮೊದಲು ಕಾಣುವುದು ಗೋಡೆಯ ಸಾದಾತನ. ಎದುರು ದಿಬ್ಬದ ದೇವಾಲಯದಲ್ಲಿ ಆರು ದೈತ್ಯ ಏಕಶಿಲೆಗಳನ್ನು ಕೂದಲೆಳೆ ತೂರದಂತೆ ಜೋಡಿಸಿದ ಜನವೇ ಇಲ್ಲಿ ಕೈಗೆ ಸಿಕ್ಕ ಕಾಡುಕಲ್ಲಿಗೆ ಮಣ್ಣು ಮೆತ್ತಿ ಕಟ್ಟಿದ್ದಾರೆ. ದೇವರಿಗೆ ನಯ, ಜೋಳಕ್ಕೆ ಒರಟು. ಆದರೆ ಜಾಗದ ಆಯ್ಕೆಯಲ್ಲಿ ಕಂಜೂಸಿತನ ಮಾಡಿಲ್ಲ. ಕಣಿವೆಯ ತಳದಲ್ಲಿ ಕಟ್ಟಿದ್ದರೆ ಹೊರುವ ಕಷ್ಟ ಉಳಿಯುತ್ತಿತ್ತು. ತೇವ ಮಾತ್ರ ಬಿಡುತ್ತಿರಲಿಲ್ಲ. ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ. ಉರುಬಂಬಾ ಕಣಿವೆಯ ಗಾಳಿ ಹಗಲೆಲ್ಲ ಬೀಸುತ್ತದೆ, ರಾತ್ರಿ ಚಳಿ ಕೊರೆಯುತ್ತದೆ. ನುಸಿಗೂ ಬೂಷ್ಟಿಗೂ ಬೇಡವಾದ ಹವೆ.

ಗೋಡೆಗಳಲ್ಲಿ ಕಿಟಕಿಗಳಿವೆ. ಬೆಟ್ಟದ ಕಡೆಗೊಂದು ಸಾಲು, ಕಣಿವೆಯ ಕಡೆಗೊಂದು ಸಾಲು. ಮೇಲ್ಬದಿಯ ಕಿಟಕಿಯಿಂದ ಕಾಳು ಸುರಿಯುವುದು, ಬೇಕಾದಾಗ ಕೆಳಬದಿಯ ಕಿಟಕಿಯಿಂದ ತೆಗೆಯುವುದು ಎಂಬುದು ತಜ್ಞರ ವಿವರಣೆ. ಹಾಗಿದ್ದರೆ ಹಳೆಯ ಕಾಳು ತಾನಾಗಿ ಮೊದಲು ಹೊರಗೆ ಬರುತ್ತದೆ. ಎತ್ತಿ ಇಳಿಸುವ ಕೆಲಸವನ್ನು ಬೆಟ್ಟವೇ ಮಾಡಿಕೊಡುತ್ತದೆ! ಗಾಳಿಯಾಡಲು ಬೇರೆ ಕಂಡಿಗಳೂ ಉಂಟು. ಮೇಲೆ ದಪ್ಪನೆಯ ಹುಲ್ಲಿನ ಸೂರು. ಎತ್ತರದ ಹುಲ್ಲುಗಾವಲಲ್ಲಿ ಬೆಳೆಯುವ ‘ಇಚು’ ಎಂಬ ಗಡಸು ಹುಲ್ಲದು. ಮಳೆ ಬಂದರೆ ಜಾರಿಸುತ್ತದೆ, ಬಿಸಿಲು ಬಂದರೆ ತಡೆಯುತ್ತದೆ.

ನಮ್ಮ ಉತ್ತರ ಕರ್ನಾಟಕದ ಹಗೇವು ನೋಡಿದವರಿಗೆ ಇದು ತಲೆಕೆಳಗಾದ ಉಪಾಯ ಅನ್ನಿಸೀತು. ನಾವು ಜೋಳವನ್ನು ನೆಲದೊಳಗೆ ಹೂತು, ಬಾಯಿಗೆ ಮಣ್ಣು ಮೆತ್ತಿ, ಗಾಳಿಯ ಸುಳಿವೇ ಇರದಂತೆ ಕಾಪಾಡಿದೆವು. ಅವರು ಗಾಳಿಗೇ ಕಾವಲು ಒಪ್ಪಿಸಿದರು. ಶತ್ರುಗಳು ಎರಡೂ ಕಡೆ ಅವೇ: ತೇವ, ಹುಳ, ಇಲಿ.

ಒಂದು ಕಟ್ಟಡದ ಕೆಳಬದಿಯ ಕಿಟಕಿಯೊಳಗೆ ಕೈಯಿಟ್ಟೆ. ಮೇಲಿನ ಕಂಡಿಯಿಂದ ನುಗ್ಗಿದ ಗಾಳಿ ಬೆರಳುಗಳ ನಡುವೆ ಹರಿದು ಹೊರಗೆ ಹೋಯಿತು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು, ಒಳಗಿನ ಕಲ್ಲು ತಣ್ಣಗಿತ್ತು. ಬೇರೆ ವಿವರಣೆ ಬೇಕಾಗಲಿಲ್ಲ.

> ಕಣಜದೊಳಗೆ ಏನೇನು?
>
> ಚುನ್ಯೊ: ಜೂನ್–ಜುಲೈ ರಾತ್ರಿಗಳಲ್ಲಿ ಪುಟ್ಟ ಆಲೂಗಡ್ಡೆಗಳನ್ನು ಬಯಲಲ್ಲಿ ಹರಡುತ್ತಾರೆ. ರಾತ್ರಿಯ ಹಿಮ ಹೆಪ್ಪುಗಟ್ಟಿಸುತ್ತದೆ, ಹಗಲಿನ ಬಿಸಿಲು ಕರಗಿಸುತ್ತದೆ. ಆಮೇಲೆ ಬರಿಗಾಲಲ್ಲಿ ತುಳಿದು ನೀರು ಹಿಂಡಿ ಒಣಗಿಸಿದರೆ ಬೆಣಚುಕಲ್ಲಿನಂಥ ಚುನ್ಯೊ ಸಿದ್ಧ. ವರ್ಷಗಟ್ಟಲೆ ಕೆಡದು. ಇಂದಿಗೂ ಅಲ್ಲಿಯ ಸಂತೆಯಲ್ಲಿ ಸಿಗುತ್ತದೆ.
>
> ಚಾರ್ಕಿ: ಲಾಮಾ ಎಂಬ ಹೊರೆಪ್ರಾಣಿಯ ಒಣಮಾಂಸ. ಇಂಗ್ಲಿಷಿನ ‘ಜರ್ಕಿ’ ಹುಟ್ಟಿದ್ದು ಈ ಪದದಿಂದಲೇ.
>
> ಕಾಳು-ಗಡ್ಡೆ: ಮೆಕ್ಕೆಜೋಳ, ಕಿನೋವಾ, ಆಲೂಗಡ್ಡೆ, ಓಕಾ.
>
> ತಿನ್ನದ ಸರಕು: ಬಟ್ಟೆ, ಚಪ್ಪಲಿ, ಹಗ್ಗ, ಆಯುಧ, ಬಣ್ಣಬಣ್ಣದ ಗರಿ. ಕುಸ್ಕೊದ ಒಂದು ಉಗ್ರಾಣದ ತುಂಬ ಗರಿಗಾಗಿಯೇ ಒಣಗಿಸಿಟ್ಟ ಹಕ್ಕಿಗಳಿದ್ದುದನ್ನು, ಇಂಕಾಗಳನ್ನು ಸೋಲಿಸಿದ ಸ್ಪೇನಿನ ದಂಡನಾಯಕ ಪಿಸಾರೊನ ಕಾರ್ಯದರ್ಶಿ ಪೆದ್ರೊ ಸಾಂಚೊ ಬರೆದಿಟ್ಟಿದ್ದಾನೆ.

ದುಡ್ಡಿನ ಬದಲು ದುಡಿಮೆ

ಒಯಾಂತಾಯ್ತಾಂಬೊ ಪಾಚಾಕುಟಿ ದೊರೆಯ ಖಾಸಾ ಎಸ್ಟೇಟು. ಅವನು ಪಟ್ಟಕ್ಕೆ ಬಂದದ್ದು 1438ರ ಸುಮಾರಿಗೆ. ಇತ್ತ ಹಂಪಿಯಲ್ಲಿ ಪ್ರೌಢದೇವರಾಯ ಆಳುತ್ತಿದ್ದ ಕಾಲ. ವಿಜಯನಗರದ ಬೀದಿಯಲ್ಲಿ ವರಹ ಎಣಿಸುತ್ತಿದ್ದಾಗ ಪಾಚಾಕುಟಿಯ ರಾಜ್ಯದಲ್ಲಿ ನಾಣ್ಯವೇ ಇರಲಿಲ್ಲ. ಚಿನ್ನವಿತ್ತು, ಬೇಕಾದಷ್ಟಿತ್ತು. ಅದರಿಂದ ಏನನ್ನೂ ಕೊಳ್ಳುತ್ತಿರಲಿಲ್ಲ, ಅಷ್ಟೆ.

ಹಾಗಾದರೆ ತೆರಿಗೆ? ಅದು ಮೈಮುರಿಯುವ ದುಡಿಮೆ. ಗೆದ್ದ ಸೀಮೆಯ ಹೊಲಗಳಲ್ಲಿ ಒಂದು ಪಾಲು ಸೂರ್ಯದೇವನಿಗೆ, ಒಂದು ಪಾಲು ದೊರೆಗೆ, ಉಳಿದದ್ದು ಊರವರಿಗೆ. ಮೊದಲೆರಡು ಪಾಲನ್ನು ಊರವರೇ ಉತ್ತು, ಬಿತ್ತಿ, ಕೊಯ್ದು ಕಣಜಕ್ಕೆ ತುಂಬಬೇಕು. ಇದಲ್ಲದೆ ‘ಮಿತಾ’ ಎಂಬ ಸರದಿ ಚಾಕರಿ: ರಸ್ತೆ ಕಟ್ಟು, ಕಲ್ಲು ಎಳೆ, ದಂಡಿಗೆ ಹೋಗು. ಕೆಲಸಕ್ಕೆ ಬಂದವರ ಊಟ-ಬಟ್ಟೆ ಸರ್ಕಾರದ್ದು. ಅದು ಬರುತ್ತಿದ್ದದ್ದು ಇದೇ ಕಣಜದಿಂದ. ರೈತನ ಜೋಳದಿಂದಲೇ ರೈತನಿಗೆ ಔತಣ ಹಾಕಿ ಉದಾರಿ ಎನಿಸಿಕೊಳ್ಳುವ ಈ ಜಾಣತನಕ್ಕೆ ಇಂದಿನ ರಾಜಕಾರಣಿಗಳೂ ತಲೆದೂಗಬೇಕು.

ಗಾಲಿಯ ಬಂಡಿ ಇರಲಿಲ್ಲ. ಲಾಮಾ ಹೊರುವುದು ಹೆಚ್ಚೆಂದರೆ ಮೂವತ್ತು ಕಿಲೋ. ಬೊಲಿವಿಯದ ಕೋಚಬಾಂಬಾ ಕಣಿವೆಯ ಜೋಳವನ್ನು ನೂರಾರು ಕಿಲೋಮೀಟರ್ ಆಚೆಯ ಕುಸ್ಕೊಗೆ ಸಾಗಿಸಲು ಲಾಮಾಗಳ ಹಿಂಡಿನ ಮೇಲೆ ಹಿಂಡು ನಡೆಯಬೇಕಿತ್ತು. ಆ ಕಣಿವೆಯ ಕಥೆಯೇ ದೊಡ್ಡದು. ವೈನಾ ಕಾಪಾಕ್ ದೊರೆ ಅಲ್ಲಿಯ ಜನರಲ್ಲಿ ಹೆಚ್ಚಿನವರನ್ನು ಎಬ್ಬಿಸಿ ಬೇರೆ ಕಡೆ ಅಟ್ಟಿದ. ರಾಜ್ಯದ ಮೂಲೆಮೂಲೆಯಿಂದ 14,000 ದುಡಿಯುವವರನ್ನು ತರಿಸಿ ಜೋಳ ಬೆಳೆಸಿದ. ಬೆಳೆದದ್ದನ್ನು ತುಂಬಲು ಕೋತಪಾಚಿ ದಿಣ್ಣೆಯ ಮೇಲೆ ಗುಂಡನೆಯ ಕಣಜಗಳು ಸಾಲುಸಾಲಾಗಿ ಎದ್ದವು. ಒಂದಲ್ಲ, ನೂರಲ್ಲ, ಸುಮಾರು 2,400!

> ಎಲ್ಲಿ, ಎಷ್ಟು?
>
> ಕೋತಪಾಚಿ (ಬೊಲಿವಿಯ): ಸುಮಾರು 2,400 ಕಣಜ. ಈಗ ಉಳಿದಿರುವುದು ಬಹುಪಾಲು ತಳಪಾಯ ಮಾತ್ರ.
>
> ಹೌಹಾ ಕಣಿವೆ (ಪೆರು): ಎರಡು ಸಾವಿರದ ಆಸುಪಾಸು, ಬೆಟ್ಟದ ಅಂಚುಗಳಲ್ಲಿ ಹಂಚಿಕೊಂಡಿವೆ.
>
> ವಾನುಕೊ ಪಾಂಪಾ (ಪೆರು): ಒಂದೇ ಗುಡ್ಡದ ಮೇಲೆ 497.
>
> ರಕ್ಚಿ (ಪೆರು): ವಿರಾಕೋಚಾ ದೇವಾಲಯದ ಪಕ್ಕ 150ಕ್ಕೂ ಹೆಚ್ಚು ದುಂಡು ಕಣಜ. ಕೆಲವಕ್ಕೆ ಹುಲ್ಲಿನ ಸೂರು ಹೊದಿಸಿ ಮೊದಲಿನಂತೆ ಮಾಡಿ ನಿಲ್ಲಿಸಿದ್ದಾರೆ.

ಹಸಿದವರಿಗೋ, ಆಳುವವರಿಗೋ?

ಇಂಕಾ ರಾಜ್ಯದಲ್ಲಿ ಯಾರೂ ಹಸಿದು ಮಲಗುತ್ತಿರಲಿಲ್ಲ, ಬರ ಬಂದರೆ ಕಣಜದ ಬಾಗಿಲು ತೆರೆಯುತ್ತಿತ್ತು ಎಂಬ ಮಾತು ಪ್ರವಾಸಿ ಗೈಡುಗಳ ಬಾಯಲ್ಲಿ ನಲಿಯುತ್ತದೆ. ಕೇಳಲು ಹಿತ. ಹಳೆಯ ಸ್ಪ್ಯಾನಿಷ್ ಗ್ರಂಥಗಳಲ್ಲೂ ಈ ಧಾಟಿ ಇದೆ. ಆದರೆ ನೆಲ ಅಗೆದವರು ಹೇಳುವುದು ಸ್ವಲ್ಪ ಬೇರೆ.

1960ರ ದಶಕದಲ್ಲಿ ಮಾನವಶಾಸ್ತ್ರಜ್ಞ ಜಾನ್ ಮುರ್ರಾ ಅವರ ತಂಡ ವಾನುಕೊ ಪಾಂಪಾಕ್ಕೆ ಹೋಯಿತು. ಸಮುದ್ರಮಟ್ಟದಿಂದ 3,600 ಮೀಟರಿಗೂ ಮೇಲೆ, ಮರವಿಲ್ಲದ ಬಯಲು. ಇಂಕಾಗಳು ಅಲ್ಲೊಂದು ಆಡಳಿತ ನಗರ ಕಟ್ಟಿ, ಪಕ್ಕದ ಗುಡ್ಡದ ಮೇಲೆ ಕಣಜದ ಸಾಲು ನಿಲ್ಲಿಸಿದ್ದರು. ತಂಡದಲ್ಲಿದ್ದ ತರುಣ ಪುರಾತತ್ವಜ್ಞ ಕ್ರೇಗ್ ಮಾರಿಸ್ ಈ ಕಣಜಗಳಿಗೇ ಅಂಟಿಕೊಂಡರು. 1967ರಲ್ಲಿ ಅವರು ಷಿಕಾಗೊ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪಿಎಚ್‌.ಡಿ. ಪ್ರಬಂಧದ ವಿಷಯವೂ ಅದೇ.

ಅವರ ಗುದ್ದಲಿಗೆ ಸಿಕ್ಕಿದ್ದು ಸುಟ್ಟು ಕರಿಯಾದ ಕಾಳು, ಗಡ್ಡೆ, ಹುಲ್ಲು, ಹಗ್ಗದ ತುಂಡು. ಅಷ್ಟರಿಂದಲೇ ಒಂದು ಚಿತ್ರ ಮೂಡಿತು. ದುಂಡು ಕಣಜದಲ್ಲಿ ಹೆಚ್ಚಾಗಿ ಜೋಳ. ಬಿಡಿಸಿದ ಕಾಳನ್ನು ದೊಡ್ಡ ಹರವಿಗಳಲ್ಲಿ ತುಂಬಿ ಇಡುತ್ತಿದ್ದರು. ಚೌಕ ಕಣಜದಲ್ಲಿ ಆಲೂಗಡ್ಡೆಯಂಥ ಗಡ್ಡೆಗಳು. ಹುಲ್ಲಿನ ಪದರದ ನಡುವೆ ಸುತ್ತಿ ಹಗ್ಗ ಬಿಗಿದ ಮೂಟೆಗಳು. ಗಡ್ಡೆ ಉಸಿರಾಡುವ ಸರಕು. ಬೆಚ್ಚಗಾದರೆ ಮೊಳೆಯುತ್ತದೆ, ಒತ್ತಡ ಬಿದ್ದರೆ ಕೊಳೆಯುತ್ತದೆ. ಕೆಲವು ಕಣಜಗಳ ನೆಲಕ್ಕೆ ಕಲ್ಲು ಹಾಸಿ, ಕೆಳಗೆ ಕಾಲುವೆಯಂತೆ ಸಂದು ಬಿಟ್ಟದ್ದು ಸುಮ್ಮನೆ ಅಲ್ಲ.

ಎಲ್ಲ ಕಣಜ ಸೇರಿ ಹಿಡಿಯುತ್ತಿದ್ದದ್ದು 37,000 ಘನ ಮೀಟರಿಗೂ ಹೆಚ್ಚು. ಅಷ್ಟನ್ನು ತಿಂದವರು ಯಾರು? ನಗರದ ನಡುವೆ ವಿಶಾಲ ಮೈದಾನ. ಅದರ ಅಂಚಿನ ಕಟ್ಟಡಗಳಲ್ಲಿ ರಾಶಿರಾಶಿ ದೊಡ್ಡ ಮಡಕೆ ಚೂರು. ಜೋಳದ ಮದ್ಯ ‘ಚಿಚಾ’ ಬೇಯಿಸಿ, ಹುದುಗಿಸಿ, ಹಂಚಿದ ಗುರುತುಗಳವು. ಸುತ್ತಲಿನ ಹಳ್ಳಿಗಳಿಂದ ಸರದಿ ಕೆಲಸಕ್ಕೆ ಬಂದವರಿಗೆ, ದಂಡಿನವರಿಗೆ, ಅಧಿಕಾರಿಗಳಿಗೆ ಅಲ್ಲಿ ಊಟ, ಕುಡಿತ, ಕುಣಿತ. ಕಣಜದ ದೊಡ್ಡ ಪಾಲು ಹರಿದದ್ದು ಈ ಕಡೆಗೆ ಎಂಬುದು ಮಾರಿಸ್ ಅವರ ನಿಲುವು. ಹಳ್ಳಿಯ ಹಸಿವಿಗೆಂದು ಕೂಡಿಟ್ಟದ್ದಾಗಿದ್ದರೆ ಹಳ್ಳಿಗಳ ಹತ್ತಿರ ಕಟ್ಟುತ್ತಿದ್ದರು. ಕಟ್ಟಿದ್ದು ಹೆದ್ದಾರಿಯ ಪಕ್ಕ, ಸರ್ಕಾರಿ ನಗರದ ನೆತ್ತಿಯ ಮೇಲೆ.

ನನಗೆ ಈ ವಾದ ಒಪ್ಪಿಗೆ. ಪಿಂಕುಯ್ಯುನಾದ ಕಟ್ಟಡಗಳನ್ನು ಕೆಳಗಿನ ಬೀದಿಯಿಂದ ನೋಡಿದರೂ ಅದೇ ಅನ್ನಿಸುತ್ತದೆ. ಅಡಗಿಸಿಡುವ ಉದ್ದೇಶವಿದ್ದಿದ್ದರೆ ಆ ಬಂಡೆ ಯಾಕೆ? ಕಣಿವೆಯ ಎಲ್ಲಿ ನಿಂತರೂ ಕಣ್ಣಿಗೆ ರಾಚಬೇಕು. ‘ನಿಮ್ಮ ಬೆವರು ಅಲ್ಲಿದೆ, ಕೀಲಿ ಇಲ್ಲಿದೆ’ ಎಂದು ಹೇಳಲು ಅರಮನೆಗಿಂತ ಕಣಜವೇ ಗಟ್ಟಿ ದನಿ.

> ಹತ್ತುವ ಮುನ್ನ
>
> ಕುಸ್ಕೊದಿಂದ ಒಯಾಂತಾಯ್ತಾಂಬೊಗೆ ರಸ್ತೆಯಲ್ಲಿ ಹೆಚ್ಚುಕಡಿಮೆ ಎರಡು ಗಂಟೆ. ಎದುರು ದಿಬ್ಬದ ಕೋಟೆಗೆ ಪ್ರವಾಸಿ ಟಿಕೆಟ್ ಬೇಕು. ಕಣಜದ ಬೆಟ್ಟಕ್ಕೆ ಬೇಡ. ಮೇ–ಸೆಪ್ಟೆಂಬರ್ ಒಣಕಾಲ. ಮಳೆ ಬಂದ ದಿನ ಹತ್ತಬೇಡಿ, ಕಲ್ಲು ಜಾರುತ್ತದೆ, ಕಂಬಿಗಳಿಲ್ಲ. ಇದೇ ಬೆಟ್ಟದ ಬಂಡೆಯಲ್ಲಿ ವಿರಾಕೋಚಾ ದೇವರ ಮುಖ ಕಾಣುತ್ತದೆ ಎನ್ನುತ್ತಾರೆ. ಮೂಗಂತೂ ಸ್ಪಷ್ಟ.

ಆಕಾಶದಲ್ಲೂ ಒಂದು ಕಣಜ

ಕೃತ್ತಿಕಾ ನಕ್ಷತ್ರಪುಂಜವನ್ನು ಆಂಡಿಸ್‌ನ ರೈತರು ಕರೆಯುವುದೂ ಕೋಲ್ಕಾ ಎಂದೇ. ಜೂನ್ ತಿಂಗಳ ನಸುಕಿನಲ್ಲಿ, ಸೂರ್ಯೋದಯಕ್ಕೆ ಮುಂಚೆ, ಬೆಟ್ಟದ ತುದಿಗೆ ಹೋಗಿ ಅದನ್ನು ನೋಡುತ್ತಾರೆ. ಚುಕ್ಕೆಗಳು ನಿಚ್ಚಳವಾಗಿ ಹೊಳೆದರೆ ಮಳೆ ಹೊತ್ತಿಗೆ ಸರಿಯಾಗಿ ಬರುತ್ತದೆ. ಮಸುಕಾಗಿದ್ದರೆ ತಡ, ಆಲೂಗಡ್ಡೆ ಬಿತ್ತನೆಯನ್ನು ಕೆಲವು ವಾರ ಮುಂದೂಡುತ್ತಾರೆ.

ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಬೆಂಜಮಿನ್ ಆರ್ಲೋವ್, ಜಾನ್ ಚಿಯಾಂಗ್, ಮಾರ್ಕ್ ಕೇನ್ ಎಂಬ ಮೂವರು ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಲ್ ನಿನೊ ವರ್ಷದ ಜೂನ್‌ನಲ್ಲಿ ಬಹಳ ಎತ್ತರದಲ್ಲಿ ತೆಳುವಾದ ಮೋಡದ ಪರದೆ ಹೆಚ್ಚುತ್ತದೆ. ಅದು ಬರಿಗಣ್ಣಿಗೆ ಮೋಡವೆಂದು ತೋರುವುದಿಲ್ಲ, ಚುಕ್ಕೆಯ ಹೊಳಪನ್ನು ಮಾತ್ರ ತಗ್ಗಿಸುತ್ತದೆ. ಎಲ್ ನಿನೊ ವರ್ಷದಲ್ಲಿ ಅಲ್ಲಿ ಮಳೆಯೂ ಕಡಿಮೆ, ಫಸಲೂ ಕಡಿಮೆ. ಉಪಗ್ರಹಕ್ಕೆ ಕಾಣುವುದು ರೈತನ ಕಣ್ಣಿಗೂ ಕಂಡಿತ್ತು.

ಹಗ್ಗದಲ್ಲಿ ಲೆಕ್ಕ

ಇಷ್ಟೆಲ್ಲ ಕಾಳಿನ ಲೆಕ್ಕ ಬರೆಯಲು ಅವರ ಬಳಿ ಲಿಪಿ ಇರಲಿಲ್ಲ. ಇದ್ದದ್ದು ‘ಕಿಪು’. ಒಂದು ಮುಖ್ಯ ಹಗ್ಗ, ಅದರಿಂದ ಇಳಿಬಿದ್ದ ದಾರಗಳು, ದಾರಗಳಲ್ಲಿ ಗಂಟುಗಳು. ಕೆಳಗಿನ ಗಂಟು ಬಿಡಿ, ಅದರ ಮೇಲೆ ಹತ್ತು, ಇನ್ನೂ ಮೇಲೆ ನೂರು. ನಮ್ಮದೇ ದಶಮಾನ. 1615ರ ಸುಮಾರಿಗೆ ಗುವಾಮಾನ್ ಪೋಮಾ ಎಂಬ ಆಂಡಿಸ್ ಮೂಲದ ಲೇಖಕ ಬರೆದ ಚಿತ್ರವೊಂದಿದೆ. ಕಣಜಗಳ ಸಾಲಿನ ನಡುವೆ ಲೆಕ್ಕಿಗ ಕಿಪು ಬಿಡಿಸಿ ಹಿಡಿದು ದೊರೆಗೆ ಲೆಕ್ಕ ಒಪ್ಪಿಸುತ್ತಿದ್ದಾನೆ.

ಚಿತ್ರದಲ್ಲಿದ್ದದ್ದು ಮಣ್ಣಲ್ಲೂ ಸಿಕ್ಕಿತು. ಲಿಮಾದ ದಕ್ಷಿಣಕ್ಕೆ ಕಾನ್ಯೇತೆ ಕಣಿವೆಯ ಇಂಕಾವಾಸಿ ಎಂಬಲ್ಲಿ ಅಲೆಹಾಂದ್ರೊ ಚು ನಡೆಸಿದ ಉತ್ಖನನದಲ್ಲಿ ಉಗ್ರಾಣದ ನೆಲದ ಮೇಲೆ ಕಿಪುಗಳ ಕಟ್ಟೇ ದೊರೆಯಿತು. ಕೆಲವು ಶೇಂಗಾ ರಾಶಿಯ ಜೊತೆ, ಕೆಲವು ಮೆಣಸಿನಕಾಯಿಯ ಜೊತೆ, ಕೆಲವು ಕಪ್ಪು ಬೀನ್ಸ್ ಜೊತೆ. ಯಾವ ರಾಶಿಯ ಲೆಕ್ಕವೋ ಅದರ ಪಕ್ಕದಲ್ಲೇ ಅದರ ಹಗ್ಗ! ಒಂದು ಉಗ್ರಾಣದ ನೆಲದಲ್ಲಿ ಹಸಿ ಮಣ್ಣಿನ ಮೇಲೆ ಹಗ್ಗ ಒತ್ತಿ ಮಾಡಿದ ಚೌಕುಳಿಗಳಿದ್ದವು. ಒಂದೊಂದು ಚೌಕಕ್ಕೆ ಇಂತಿಷ್ಟು ಸರಕು ಹರಡಿ ಅಳೆಯುತ್ತಿದ್ದರೆಂದು ಚು ಮತ್ತು ಕಿಪು ತಜ್ಞ ಗ್ಯಾರಿ ಅರ್ಟನ್ 2015ರ ಲೇಖನದಲ್ಲಿ ವಿವರಿಸಿದರು. ಅಂದಹಾಗೆ, ಆ ಶೇಂಗಾ ಮತ್ತು ಮೆಣಸಿನಕಾಯಿ ಎರಡೂ ಕಡಲು ದಾಟಿ ನಮ್ಮಲ್ಲಿಗೆ ಬಂದದ್ದು ಅಮೆರಿಕದಿಂದಲೇ.

ಇಂಕಾಗಳ ಕಣಜಗಳು ಪಾಳುಬಿದ್ದದ್ದು ಹೇಗೆ? 1532ರ ನವೆಂಬರಿನಲ್ಲಿ ಫ್ರಾನ್ಸಿಸ್ಕೊ ಪಿಸಾರೊ 168 ಜನರೊಂದಿಗೆ ಬಂದು ದೊರೆ ಅತಾವಾಲ್ಪನನ್ನು ಸೆರೆಹಿಡಿದ. ಬಿಡುಗಡೆಗೆ ಒಂದು ಕೋಣೆ ತುಂಬ ಚಿನ್ನ ಕೊಡುವೆನೆಂದು ದೊರೆ ಹೇಳಿದ್ದು, ಕೊಟ್ಟ ಮೇಲೂ ಅವನನ್ನು ಕೊಂದದ್ದು ಎಲ್ಲರಿಗೂ ಗೊತ್ತು. ಆ ಚಿನ್ನ ಕರಗಿಸುವ ತಿಂಗಳುಗಳಲ್ಲಿ, ಕುಸ್ಕೊದತ್ತ ನಡೆದ ವಾರಗಳಲ್ಲಿ, ಅವರು ಉಂಡದ್ದು ಎಲ್ಲಿಂದ ಎಂದು ಕೇಳುವವರು ಕಡಿಮೆ. ದಾರಿಯುದ್ದಕ್ಕೂ ಕಣಜಗಳಿದ್ದವು, ಅವು ತುಂಬಿದ್ದವು. ರಾಜ್ಯವನ್ನು ಹಿಡಿಯಲು ಬಂದವರಿಗೆ ರಾಜ್ಯವೇ ಬುತ್ತಿ ಕಟ್ಟಿಕೊಟ್ಟಿತ್ತು. ಒಯಾಂತಾಯ್ತಾಂಬೊದ ಪಾಲಿಗೂ ಯುದ್ಧ ಬಂತು. 1537ರಲ್ಲಿ ದಂಗೆಯೆದ್ದ ದೊರೆ ಮಾಂಕೊ ಇಂಕಾ ಇಲ್ಲೇ ನಿಂತು, ಕೆಳಗಿನ ಬಯಲಿಗೆ ಕಾಲುವೆಯ ನೀರು ಹರಿಸಿ ಸ್ಪೇನಿನ ಕುದುರೆಗಳನ್ನು ಕೆಸರಲ್ಲಿ ಸಿಕ್ಕಿಸಿದ. ಆ ಕಾಳಗ ಗೆದ್ದರೂ ಆಮೇಲೆ ವಿಲ್ಕಬಾಂಬಾ ಕಾಡಿಗೆ ಸರಿಯಬೇಕಾಯಿತು.

ಇಂಕಾ ಪಟ್ಟ ಉರುಳಿ ಹದಿನೈದು ವರ್ಷವಾದ ಮೇಲೂ ಕಣಜಗಳು ಪೂರ್ತಿ ಬರಿದಾಗಿರಲಿಲ್ಲ. ಸ್ಪೇನಿನ ದೊರೆಯ ವಿರುದ್ಧ ಬಂಡೆದ್ದ, ಫ್ರಾನ್ಸಿಸ್ಕೊನ ತಮ್ಮ ಗೊನ್ಸಾಲೊ ಪಿಸಾರೊನನ್ನು ಅಡಗಿಸಲು ಹೊರಟ ದೊರೆಯ ಪ್ರತಿನಿಧಿ ಪೆದ್ರೊ ದೆ ಲಾ ಗಾಸ್ಕಾನ ಸೈನ್ಯ ಹೌಹಾ ಕಣಿವೆಯಲ್ಲಿ ಏಳು ವಾರ ಬೀಡುಬಿಟ್ಟಿತು. ಅಲ್ಲಿ ಹಲವು ವರ್ಷಗಳ ಹಳೆಯ ಜೋಳ 15,000 ಫನೇಗಕ್ಕೂ ಹೆಚ್ಚು ಸಿಕ್ಕಿತೆಂದು ಸ್ಪೇನಿನ ಅಧಿಕಾರಿ ಪೋಲೊ ದೆ ಒಂದೆಗಾರ್ದೊ ಬರೆದಿದ್ದಾನೆ. ಫನೇಗ ಸ್ಪೇನಿನ ಹಳೆಯ ಅಳತೆ, ಒಂದಕ್ಕೆ ಸುಮಾರು 55 ಲೀಟರ್. ತುಂಬಿಸಿದ ಸರ್ಕಾರ ಸತ್ತಿತ್ತು, ಕಾಳು ಬದುಕಿತ್ತು.

ಹೌಹಾದ ನಾಯಕರು ಇಂಕಾಗಳ ಮೇಲಿನ ಸಿಟ್ಟಿಗೆ ಮೊದಲೇ ಸ್ಪೇನಿನ ಪಕ್ಷ ಸೇರಿದ್ದರು. ಕೇಳಿದಾಗಲೆಲ್ಲ ಕೊಟ್ಟರು. ಕೊಡುವಾಗ ಗಂಟು ಹಾಕಿಕೊಂಡರು. 1561ರಲ್ಲಿ ಲಿಮಾದ ನ್ಯಾಯಾಲಯದ ಮುಂದೆ ಬಂದು ‘ನಮ್ಮಿಂದ ಹೋದದ್ದು ಇಷ್ಟು’ ಎಂದು ಕಿಪು ಬಿಡಿಸಿದರು. ಲೆಕ್ಕಿಗರು ಗಂಟು ಮುಟ್ಟಿ ಮುಟ್ಟಿ ಓದಿದರು, ಗುಮಾಸ್ತರು ಬರೆದುಕೊಂಡರು. ಪಿಸಾರೊ ಬಂದ ಮೊದಲ ದಿನಗಳಿಂದ ಹಿಡಿದು ದಶಕಗಳ ಬಾಬ್ತು. ತಾವಾಗಿ ಕೊಟ್ಟದ್ದೇ ಬೇರೆ, ಸಿಪಾಯಿಗಳು ದೋಚಿಕೊಂಡು ಹೋದದ್ದೇ ಬೇರೆ ಎಂದು ಬಿಡಿಸಿ ಹೇಳಿದರು.

ಆ ವಿಚಾರಣೆಯ ಕಡತ ಸ್ಪೇನಿನ ಸೆವಿಲ್ ಪತ್ರಾಗಾರದಲ್ಲಿ ಉಳಿದಿತ್ತು. ಪೆರುವಿನ ಇತಿಹಾಸಕಾರ ವಾಲ್ದೆಮಾರ್ ಎಸ್ಪಿನೋಸಾ ಸೊರಿಯಾನೊ 1970ರ ದಶಕದ ಆರಂಭದಲ್ಲಿ ಅದನ್ನು ಅಚ್ಚು ಮಾಡಿಸಿದರು. ವಾನುಕೊ ಪಾಂಪಾಕ್ಕೆ ತಂಡ ಕಟ್ಟಿಕೊಂಡು ಹೋಗಿದ್ದ ಅದೇ ಮುರ್ರಾ ಆ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದಾಗ ಸಂಖ್ಯೆಗಳಿಗಿಂತ ಹೆಚ್ಚಾಗಿ ಅವುಗಳ ಸಾಲು ಅವರ ಕಣ್ಣಿಗೆ ಬಿತ್ತು. ಪ್ರತಿ ಬಾಬ್ತಿನಲ್ಲೂ ಮೊದಲು ಕೊಟ್ಟ ಆಳುಗಳು, ಆಮೇಲೆ ಲಾಮಾಗಳು, ಆಮೇಲೆ ಬಟ್ಟೆ, ಆಮೇಲೆ ಜೋಳ ಮತ್ತಿತರ ಫಸಲು. ಮಡಕೆ, ಕಟ್ಟಿಗೆ, ಇದ್ದಿಲು, ಹುಲ್ಲು ಎಲ್ಲಕ್ಕೂ ದಾರವಿತ್ತು. ವರ್ಷ ಬದಲಾದರೂ, ಸೈನ್ಯದ ದಂಡನಾಯಕ ಬದಲಾದರೂ ಈ ಕ್ರಮ ಹೆಚ್ಚುಕಡಿಮೆ ಬದಲಾಗಿರಲಿಲ್ಲ.